ಇವತ್ತು ರಾತ್ರಿ ಎಲ್ಲಿ ಮಲಗುತ್ತೀರಿ? ಆನೆಗೊಂದಿಯಲ್ಲಿ ಸಮೀಕ್ಷೆ ಮಾಡಿ ಮುಗಿಸಿದ ಕಥೆ

ಕಳೆದ ವಾರ ಮೌಖಿಕ ಪರೀಕ್ಷೆ ಮುಗಿಯಿತು. ಪ್ರವಾಸೋದ್ಯಮ ಸ್ನಾತಕೋತ್ತರ ಪದವಿಗೆಂದು ನಾನು ಬರೆದ ತೊಂಬತ್ತಾರು ಪುಟದ ಕಿರು ಪ್ರಬಂಧ ಈಗ ವಿಭಾಗದ ಕಪಾಟು ಸೇರಿದೆ. ಅದನ್ನು ಬರೆಯಲು ಹತ್ತು ತಿಂಗಳು ಹಿಡಿಯಿತು. ಅದರಲ್ಲಿ ನಾಲ್ಕು ತಿಂಗಳು ನನ್ನದೇ ತಪ್ಪಿನಿಂದ ಹೋದವು, ಎರಡು ತಿಂಗಳು ಬರೀ ಕಾಯುವುದರಲ್ಲಿ ಕಳೆದವು. ನಮ್ಮ ಕಡೆಯ ಹುಡುಗ ಹುಡುಗಿಯರು ಪ್ರತಿ ವರ್ಷ ಹಂಪಿ, ಹೊಳೆಯಾಚೆಯ ಆನೆಗೊಂದಿ, ಅದರ ಹತ್ತಿರದ ಅಂಜನಾದ್ರಿ ಬೆಟ್ಟ ಎಂದು ವಿಷಯ ಹಿಡಿದು ಹೊರಡುತ್ತಾರೆ. ಅವರಿಗೆ ಉಪಯೋಗವಾಗಲಿ ಎಂದು ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ.

ನಮ್ಮದು ಗಂಗಾವತಿ. ಅಪ್ಪನದು ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ ಒಂದು ಖಾನಾವಳಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಅನ್ನ, ಸಾರು, ಇಷ್ಟೇ. ಖಾನಾವಳಿಯ ಮಾತು ಆಮೇಲೆ ಮತ್ತೆ ಬರುತ್ತದೆ.

ಆಗಸ್ಟ್‌ನಲ್ಲಿ ನಾನು ಕೊಟ್ಟ ಮೊದಲ ಶೀರ್ಷಿಕೆ ‘ಕೊಪ್ಪಳ ಜಿಲ್ಲೆಯ ಪ್ರವಾಸೋದ್ಯಮ: ಸಮಸ್ಯೆಗಳು ಮತ್ತು ಸಾಧ್ಯತೆಗಳು’. ಇಟಗಿಯ ಮಹಾದೇವ ದೇವಾಲಯ, ಕೊಪ್ಪಳದ ಗವಿಮಠದ ಅಶೋಕನ ಶಾಸನ, ಹಿರೇಬೆಣಕಲ್ಲಿನ ಶಿಲಾಸಮಾಧಿಗಳು, ಕಿನ್ನಾಳದ ಗೊಂಬೆ, ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿದ್ದೆ. ಮಾರ್ಗದರ್ಶಕರು ಓದಿ, ಪೆನ್ನಿನ ಮುಚ್ಚಳ ತೆಗೆಯದೆಯೇ ಹಾಳೆಯನ್ನು ಹಿಂದಕ್ಕೆ ತಳ್ಳಿದರು. “ಇದು ಯಾರಿಗೆ ಬೇಕು?” ಎಂದರು. ನಾನು “ಪರೀಕ್ಷೆಗೆ ಬೇಕು ಸರ್” ಎಂದೆ. “ಪರೀಕ್ಷೆಗೆ ಬೇಕಾದದ್ದನ್ನು ಮಾರ್ಚ್‌ನಲ್ಲಿ ಬರೆಯೋಣ. ಮೊದಲು ಆನೆಗೊಂದಿಗೆ ಹೋಗಿ, ಕೋಣೆ ಬಾಡಿಗೆಗೆ ಕೊಡುವ ಒಬ್ಬರನ್ನು ಕಂಡು, ಅವರ ತಲೆನೋವು ಏನೆಂದು ಕೇಳಿಕೊಂಡು ಬನ್ನಿ” ಎಂದರು. (ಮಾರ್ಗದರ್ಶಕರನ್ನು ನಾವೆಲ್ಲ ಗೈಡ್ ಸರ್ ಎನ್ನುತ್ತೇವೆ. ಆನೆಗೊಂದಿಯಲ್ಲಿ ಹಾಗೆ ಹೇಳಬೇಡಿ, “ಯಾವ ಭಾಷೆಯ ಗೈಡ್?” ಎಂದು ಕೇಳುತ್ತಾರೆ.)

ಗಂಗಾವತಿಯಿಂದ ಆನೆಗೊಂದಿಗೆ ಸಾರಿಗೆ ಬಸ್ಸಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಶೂನ್ಯ ಟಿಕೆಟ್. ಆಧಾರ್ ಕಾರ್ಡನ್ನು ಪ್ರಶ್ನಾವಳಿಯ ಜೊತೆಗೇ ಇಟ್ಟುಕೊಳ್ಳಿ. ನನ್ನ ಸಹಪಾಠಿ ಹುಡುಗರು ಪೆಟ್ರೋಲ್‌ಗೆ ಸುರಿದ ದುಡ್ಡು ನೋಡಿದರೆ, ನಾನು ಹುಡುಗಿಯಾಗಿ ಹುಟ್ಟಿ ಸಂಶೋಧನೆಗೆ ದೊಡ್ಡ ಅನುದಾನ ಪಡೆದ ಹಾಗಾಯಿತು.

ಮೊದಲ ದಿನ ನಾಲ್ಕು ಮನೆಗಳ ಬಾಗಿಲು ತಟ್ಟಿದೆ. ಮೂರು ಕಡೆ ಒಂದೇ ಮಾತು: “ನೀವು ಯಾವ ಇಲಾಖೆಯವರು?” ನನಗೆ ಬೇಸರವಾಯಿತು, ಆದರೆ ಅವರ ಭಯಕ್ಕೆ ಕಾರಣವಿದೆ. ಆನೆಗೊಂದಿ ಹಂಪಿ ವಿಶ್ವ ಪರಂಪರೆ ಪ್ರದೇಶದ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಯಲ್ಲಿದೆ. ಇಲ್ಲಿ ಗೋಡೆ ಎತ್ತರಿಸಲೂ ಯೋಚಿಸಬೇಕು. ಹತ್ತಿರದ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರ ಮಾರ್ಚ್‌ನಲ್ಲಿ ಕೆಡವಿದ್ದನ್ನು ಇಲ್ಲಿಯವರು ಕಣ್ಣಾರೆ ಕಂಡಿದ್ದಾರೆ. ಕಾಗದ ಹಿಡಿದು ಬಂದವರು ಎಂದರೆ ನೋಟಿಸು ಎಂದೇ ಅರ್ಥ. ಹಾಗಾಗಿ ಕಾಲೇಜಿನ ಮೊಹರು, ಮುಖ್ಯಸ್ಥರ ಸಹಿ ಇರುವ ಪರಿಚಯ ಪತ್ರವನ್ನು ಕನ್ನಡದಲ್ಲೇ ಮಾಡಿಸಿಕೊಳ್ಳಿ. ಅದರಲ್ಲಿ ‘ಹೆಸರು, ಮೊಬೈಲ್ ಸಂಖ್ಯೆ, ಆದಾಯದ ವಿವರ ಪಡೆಯುವುದಿಲ್ಲ’ ಎಂಬ ಸಾಲು ಇರಲಿ. ಆ ಒಂದು ಸಾಲು ನನಗೆ ತೆರೆದಷ್ಟು ಬಾಗಿಲುಗಳನ್ನು ಉಳಿದ ಇಡೀ ಪತ್ರ ತೆರೆಯಲಿಲ್ಲ.

ನಾಲ್ಕನೆಯ ಮನೆಯ ಅಮ್ಮ ಮಾತ್ರ ಇಲಾಖೆ ಕೇಳಲಿಲ್ಲ, ನೀರು ಕೊಟ್ಟರು. ಹಳೆಯ ತೊಟ್ಟಿ ಮನೆ, ಹಿತ್ತಿಲಲ್ಲಿ ಬಾಳೆ. ಇರುವ ನಾಲ್ಕು ಕೋಣೆಗಳನ್ನು ಹೋಂಸ್ಟೇ ಮಾಡಿದ್ದಾರೆ. “ನೋಡು ತಂಗಿ, ಅಂಜನಾದ್ರಿಗೆ ಜನ ಜಾತ್ರೆಯ ಹಾಗೆ ಬರುತ್ತಾರೆ. ನಮ್ಮ ಬೀದಿಯಲ್ಲೇ ಗಾಡಿ ಹೋಗುತ್ತವೆ. ಕತ್ತಲಾಗುವ ಹೊತ್ತಿಗೆ ಒಬ್ಬರೂ ಇರುವುದಿಲ್ಲ. ಯಾಕೆ ಹೋಗುತ್ತಾರೆ, ಎಲ್ಲಿಗೆ ಹೋಗುತ್ತಾರೆ? ಅದನ್ನು ತಿಳಿದು ಬಂದು ಹೇಳಿದರೆ ನಿನಗೆ ಹೋಳಿಗೆ ಊಟ.”

ಮಾರ್ಗದರ್ಶಕರು ಅದನ್ನೇ ಹಾಗೆಯೇ ಬರೆಸಿದರು: ‘ಆನೆಗೊಂದಿ ಭಾಗಕ್ಕೆ ಹಗಲು ಭೇಟಿ ನೀಡುವವರು ರಾತ್ರಿ ತಂಗದಿರಲು ಕಾರಣಗಳು’. ಒಂದು ಊರು, ಒಂದು ಪ್ರಶ್ನೆ. ಸಮಿತಿಯಲ್ಲಿ ಒಬ್ಬರು “ವಿಷಯ ತೀರ ಸಣ್ಣದಾಯಿತಲ್ಲ” ಎಂದರು. ಸಣ್ಣದೇ ನನಗೆ ಬೆಟ್ಟದಷ್ಟಾಯಿತು.

ಇನ್ನು ಅಂಕಿಸಂಖ್ಯೆಯ ಗೋಳು. ವರ್ಷಕ್ಕೆ ಎಷ್ಟು ಜನ ಬರುತ್ತಾರೆ ಎಂದು ತಿಳಿಯದೆ ಎಷ್ಟು ಜನರನ್ನು ಮಾತನಾಡಿಸಬೇಕೆಂದು ಹೇಗೆ ನಿರ್ಧರಿಸುವುದು? ನಮಗೆ ತರಗತಿಯಲ್ಲಿ ಹೇಳಿಕೊಟ್ಟ ಸ್ಲೋವಿನ್ ಸೂತ್ರಕ್ಕೆ ಒಟ್ಟು ಸಂಖ್ಯೆ ಬೇಕು. ಮಾಹಿತಿ ಹಕ್ಕಿನಲ್ಲಿ ಕೇಳೋಣ ಎಂದು ಅರ್ಜಿ ಬರೆದೆ. ಶುಲ್ಕ ಹತ್ತು ರೂಪಾಯಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಿಗಲು ಮಾತ್ರ ಎರಡು ಅಂಚೆ ಕಚೇರಿ ತಿರುಗಿದೆ. ಉತ್ಸಾಹದಲ್ಲಿ ಹನ್ನೊಂದು ಪ್ರಶ್ನೆ ಕೇಳಿದ್ದೆ: ಪ್ರವಾಸಿಗರ ಸಂಖ್ಯೆ, ಹೋಂಸ್ಟೇಗಳ ಪಟ್ಟಿ, ಅನುದಾನ, ಶೌಚಾಲಯ, ಇತ್ಯಾದಿ. ಮೂರು ವಾರದ ನಂತರ ಅರ್ಜಿ ವಾಪಸ್ ಬಂತು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಇದು ನನಗೆ ಗೊತ್ತಿರಲಿಲ್ಲ, ಹೇಳುವವರೂ ಇರಲಿಲ್ಲ. ಎರಡನೆಯ ಅರ್ಜಿಯನ್ನು ನಲವತ್ತು ಪದದಲ್ಲಿ ಮುಗಿಸಿದೆ. ಮೂವತ್ತು ದಿನದ ಗಡುವಿಗೆ ಎರಡು ದಿನ ಉಳಿದಿರುವಾಗ ಉತ್ತರ ಬಂತು. ಗ್ರಾಮವಾರು ಮಾಹಿತಿ ನಿರ್ವಹಿಸಿಲ್ಲ, ಅಷ್ಟೇ.

ಆಗ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ಉತ್ತರ ಪ್ರಾಮಾಣಿಕವಾದದ್ದೇ. ಬೆಟ್ಟ ಹತ್ತಲು ಟಿಕೆಟ್ ಇಲ್ಲ, ಎಣಿಸುವ ಗೇಟೂ ಇಲ್ಲ. ಇಲ್ಲದ ಲೆಕ್ಕವನ್ನು ಅವರು ಎಲ್ಲಿಂದ ಕೊಡಬೇಕು? ಒಟ್ಟು ಸಂಖ್ಯೆ ತಿಳಿಯದಿದ್ದಾಗ ಬಳಸಲು ಕೋಕ್ರನ್ ಸೂತ್ರವಿದೆ. ಶೇ 95 ವಿಶ್ವಾಸ ಮಟ್ಟ, ಶೇ 5 ದೋಷಮಿತಿ (ಅಂದರೆ ನೂರು ಸಲ ಸಮೀಕ್ಷೆ ಮಾಡಿದರೆ 95 ಸಲ ನಮ್ಮ ಲೆಕ್ಕ ನಿಜಕ್ಕಿಂತ ಶೇ 5ಕ್ಕಿಂತ ಹೆಚ್ಚು ಆಚೀಚೆ ಆಗದು) ಎಂದಿಟ್ಟುಕೊಂಡರೆ 384 ಚಿಲ್ಲರೆ ಬರುತ್ತದೆ, ಅಂದರೆ 385 ಜನ. ಇದನ್ನು ಮಾರ್ಗದರ್ಶಕರು ಐದು ನಿಮಿಷದಲ್ಲಿ ಬೋರ್ಡಿನ ಮೇಲೆ ಮಾಡಿ ತೋರಿಸಿದರು. ಎರಡು ತಿಂಗಳು ಕಾಯುವ ಮೊದಲು ನಾನು ಕೇಳಬಹುದಿತ್ತು.

ಪ್ರಶ್ನಾವಳಿಯ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ವಿವರವಾಗಿ ಹೇಳಬೇಕು, ಏಕೆಂದರೆ ಎಲ್ಲರೂ ಅದನ್ನೇ ಮಾಡುತ್ತಾರೆ. ಸೇವೆಯ ಗುಣಮಟ್ಟ ಅಳೆಯಲು ಸರ್ವ್‌ಕ್ವಾಲ್ ಎಂಬ ಮಾಪಕವಿದೆ. ಪರಶುರಾಮನ್, ಜೈತಮಲ್, ಬೆರ್ರಿ ಎಂಬ ಮೂವರು 1988ರಲ್ಲಿ ಪ್ರಕಟಿಸಿದ್ದು, 22 ಹೇಳಿಕೆಗಳು. ಮೊದಲು ನಿಮ್ಮ ನಿರೀಕ್ಷೆ ಏನಿತ್ತು, ಆಮೇಲೆ ಸಿಕ್ಕಿದ್ದೇನು ಎಂದು ಎರಡು ಸಲ ಕೇಳಬೇಕಾದ್ದರಿಂದ ಒಟ್ಟು 44. ನಾನು ಅದನ್ನು ಹಾಗೆಯೇ ಕನ್ನಡಕ್ಕೆ ಇಳಿಸಿ, ನಾಲ್ಕು ಪುಟ ಮಾಡಿ, ನೂರು ಪ್ರತಿ ತೆಗೆಸಿದೆ. ನಾನೂರು ರೂಪಾಯಿ. ಅದರಲ್ಲಿ ‘ಸಿಬ್ಬಂದಿಯ ಉಡುಪು ಅಚ್ಚುಕಟ್ಟಾಗಿದೆ’ ಎಂಬ ಹೇಳಿಕೆ ಇತ್ತು. ಆನೆಗೊಂದಿಯ ಹೋಂಸ್ಟೇಯಲ್ಲಿ ಸಿಬ್ಬಂದಿ ಎಂದರೆ ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ರೊಟ್ಟಿ ತಟ್ಟುವ ಅಜ್ಜಿ. ಅವರ ಉಡುಪಿಗೆ ಐದರಲ್ಲಿ ಎಷ್ಟು ಅಂಕ ಕೊಡುವುದು?

ಅಕ್ಟೋಬರ್‌ನ ಒಂದು ಭಾನುವಾರ ಅಂಜನಾದ್ರಿಯ ಬುಡದಲ್ಲಿ ಪ್ರಶ್ನಾವಳಿಯ ಪೂರ್ವ ಪರೀಕ್ಷೆಗೆ ನಿಂತೆ. ಚಿಕ್ಕಪ್ಪನ ಮಗಳು ಜೊತೆಗಿದ್ದಳು. ಹತ್ತುವವರನ್ನು ನಿಲ್ಲಿಸಿದರೆ ಯಾರೂ ನಿಲ್ಲಲಿಲ್ಲ. 575 ಮೆಟ್ಟಿಲು ಎದುರಿಗಿದೆ, ಬಿಸಿಲೇರುತ್ತಿದೆ, ಯಾರಿಗೆ ಬೇಕು ನನ್ನ ಪ್ರಶ್ನೆ? ಕೊನೆಗೆ ನಿಂತ ಒಬ್ಬರು ಪುಣ್ಯಾತ್ಮರ ಕೈಯಿಂದ ಕೋತಿಯೊಂದು ಪ್ರಶ್ನಾವಳಿಯನ್ನು ಕಸಿದುಕೊಂಡು ಬಂಡೆಯ ಮೇಲೆ ಕುಳಿತು, ಎರಡನೆಯ ಪುಟದವರೆಗೂ ಹರಿಯಿತು. ನಾಲ್ಕು ಪುಟದ ಪ್ರಶ್ನಾವಳಿಯನ್ನು ಅಂದು ಅಷ್ಟಾದರೂ ಗಮನ ಕೊಟ್ಟು ನೋಡಿದ್ದು ಅದೊಂದೇ.

ಮಧ್ಯಾಹ್ನದ ಹೊತ್ತಿಗೆ ತಿಳಿಯಿತು: ಇಳಿದು ಬಂದವರನ್ನು ಹಿಡಿಯಬೇಕು. ಕಾಲು ಸೋತಿರುತ್ತದೆ, ಕಬ್ಬಿನ ಹಾಲು ಕುಡಿಯುತ್ತ ನೆರಳಿಗೆ ಕುಳಿತಿರುತ್ತಾರೆ, ದರ್ಶನವಾದ ಸಮಾಧಾನವಿರುತ್ತದೆ. ಮಾತನಾಡುತ್ತಾರೆ. ಆದರೆ ಅಲ್ಲಿಯೇ ಇನ್ನೊಂದು ಸಮಸ್ಯೆ ಕಾದಿತ್ತು. ಎಲ್ಲ ಹೇಳಿಕೆಗೂ ಅವರದು ‘ಸಂಪೂರ್ಣ ಒಪ್ಪುತ್ತೇನೆ’. ನೀರು ಚೆನ್ನಾಗಿದೆಯೇ, ಸಂಪೂರ್ಣ. ಶೌಚಾಲಯ ಸ್ವಚ್ಛವಾಗಿದೆಯೇ, ಸಂಪೂರ್ಣ. ಶೌಚಾಲಯಕ್ಕೆ ಹೋಗಿದ್ದಿರೇ ಎಂದರೆ, ಇಲ್ಲ. ಬಾಗಲಕೋಟೆ ಕಡೆಯ ಒಬ್ಬ ಹಿರಿಯರು ಕಾರಣ ಬಿಡಿಸಿ ಹೇಳಿದರು: “ತಾಯಿ, ಹನುಮಪ್ಪನ ಬೆಟ್ಟದ ಕೆಳಗೆ ಕುಳಿತು ಇಲ್ಲಿ ಅದು ಸರಿಯಿಲ್ಲ, ಇದು ಸರಿಯಿಲ್ಲ ಎಂದು ಹೇಳಬಾರದು.” ಹನುಮ ಹುಟ್ಟಿದ ಸ್ಥಳವೆಂದು ನಂಬಿ ಬಂದವರ ಬಳಿ ತೃಪ್ತಿಯ ಅಂಕ ಕೇಳಿದರೆ ಅವರು ಕೊಡುವುದು ದೇವರಿಗೆ, ಸೌಲಭ್ಯಕ್ಕಲ್ಲ. ಇದು ಯಾವ ಪಠ್ಯಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ.

ಆ ರಾತ್ರಿ 44 ಹೇಳಿಕೆಗಳನ್ನೂ ಹೊಡೆದುಹಾಕಿದೆ. ಉಳಿದ ನೂರು ಚಿಲ್ಲರೆ ರೂಪಾಯಿಯ ಕಾಗದದ ಹಿಂಬದಿಯಲ್ಲಿ ಅಪ್ಪ ಈಗಲೂ ಖಾನಾವಳಿಯ ಸಾಮಾನಿನ ಪಟ್ಟಿ ಬರೆಯುತ್ತಾರೆ. ಹೊಸ ಪ್ರಶ್ನಾವಳಿ ಒಂದೇ ಹಾಳೆ. ಅದರ ಜೀವಾಳ ಎರಡು ಪ್ರಶ್ನೆ: ನಿನ್ನೆ ರಾತ್ರಿ ಎಲ್ಲಿ ಮಲಗಿದ್ದಿರಿ? ಇವತ್ತು ರಾತ್ರಿ ಎಲ್ಲಿ ಮಲಗುತ್ತೀರಿ? ಆಮೇಲೆ, ಆ ಊರನ್ನು ಯಾರು ಆರಿಸಿದರು? ಇದಕ್ಕೆ ದೇವರ ಭಯವಿಲ್ಲ, ಮರ್ಯಾದೆಯ ಉತ್ತರವೂ ಇಲ್ಲ. ಹೊಸಪೇಟೆ ಎಂದರೆ ಹೊಸಪೇಟೆ. ಕನ್ನಡ, ಹಿಂದಿ, ತೆಲುಗಿನಲ್ಲಿ ಮಾಡಿಸಿದೆ. ಅನುವಾದ ಮಾಡಿದವರ ಬಳಿಯೇ ಸರಿಯಿದೆಯೇ ಎಂದು ಕೇಳಬೇಡಿ. ಬೇರೊಬ್ಬರಿಂದ ಮರಳಿ ಕನ್ನಡಕ್ಕೆ ಮಾಡಿಸಿ ನೋಡಿ. ನನ್ನ ಹಿಂದಿ ಪ್ರತಿಯಲ್ಲಿ ‘ತಂಗುವುದು’ ಹೋಗಿ ‘ನಿಲ್ಲುವುದು’ ಆಗಿತ್ತು, ಎಷ್ಟು ಹೊತ್ತು ನಿಂತಿರಿ ಎಂಬಂತೆ.

ನವೆಂಬರ್‌ನಿಂದ ಜನವರಿವರೆಗೆ ಕ್ಷೇತ್ರಕಾರ್ಯ. ಮಳೆಗಾಲದಲ್ಲಿ ಮಾಡಲು ಹೋಗಬೇಡಿ. ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟರೆ ತಳವಾರಘಟ್ಟದ ದೋಣಿ ನಿಲ್ಲುತ್ತದೆ, ಹೊಳೆಯ ನಡುವಿನ ನವವೃಂದಾವನಕ್ಕೆ ಹೋಗಲಾಗದು, ಆ ದಿನಗಳ ಲೆಕ್ಕ ಯಾವುದಕ್ಕೂ ಹೊಂದುವುದಿಲ್ಲ. ಏಪ್ರಿಲ್, ಮೇನಲ್ಲಿ ಇಲ್ಲಿಯ ಬಂಡೆಗಳ ನಡುವೆ ನಿಂತರೆ ನೀವೇ ಎಣ್ಣೆಗಾಯಿ ಆಗುತ್ತೀರಿ. ಸಿಕ್ಕ ಸಿಕ್ಕವರನ್ನು ಕೇಳದೆ, ಇಳಿದು ಬರುವ ಪ್ರತಿ ಐದನೆಯ ಗುಂಪನ್ನು ಮಾತನಾಡಿಸಬೇಕು, ಗುಂಪಿಗೆ ಒಂದೇ ಪ್ರಶ್ನಾವಳಿ ಎಂದು ನಿಯಮ ಮಾಡಿಕೊಂಡೆವು. ಇಲ್ಲದಿದ್ದರೆ ಒಂದೇ ಟೆಂಪೊ ಟ್ರಾವೆಲರ್‌ನ ಹನ್ನೆರಡು ಜನ ಹನ್ನೆರಡು ಸಲ ಒಂದೇ ಉತ್ತರ ಕೊಡುತ್ತಾರೆ, ನಮಗೆ ಹನ್ನೆರಡು ಮಾದರಿ ಸಿಕ್ಕಿತೆಂಬ ಭ್ರಮೆ. ಸಾಣಾಪುರದ ಕೆರೆ, ಪಂಪಾ ಸರೋವರ, ಆನೆಗೊಂದಿಯ ಗಗನ ಮಹಲಿನ ಎದುರು ಸಹ ನಿಂತೆವು. ಮೊಬೈಲ್ ಫಾರ್ಮ್ ಪ್ರಯತ್ನಿಸಿ ಒಂದೇ ದಿನಕ್ಕೆ ಕೈಬಿಟ್ಟೆ. ಬಿಸಿಲಿಗೆ ಪರದೆ ಕಾಣುವುದಿಲ್ಲ, ಬಂಡೆಗಳ ಮರೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ.

ಡಿಸೆಂಬರ್‌ನಲ್ಲಿ ಹನುಮಮಾಲೆ ವಿಸರ್ಜನೆಯ ದಿನ, ಅಂದರೆ ವ್ರತ ಹಿಡಿದ ಭಕ್ತರು ಬೆಟ್ಟಕ್ಕೆ ಬಂದು ಮಾಲೆ ತೆಗೆಯುವ ದಿನ, ಜನಸಾಗರ ಕಂಡು ಆಸೆಯಾಯಿತು. ಅಂದೇ 37 ಪ್ರಶ್ನಾವಳಿ ತುಂಬಿಸಿದೆ. ಮಾಲಾಧಾರಿಗಳು ಬರುವ ರೀತಿಯೇ ಬೇರೆ, ಅವರು ಎಲ್ಲಿ ತಂಗುತ್ತಾರೆ ಎಂಬುದೂ ಬೇರೆ. ಐದನೆಯ ಗುಂಪು ಯಾವುದೆಂದು ಎಣಿಸುವುದಂತೂ ಆ ನೂಕಿನಲ್ಲಿ ಬ್ರಹ್ಮನಿಗೂ ಸಾಧ್ಯವಿರಲಿಲ್ಲ. ಮಾರ್ಗದರ್ಶಕರು ಆ ಕಟ್ಟನ್ನು ಬೇರೆ ಇಡಿಸಿದರು. ತುಂಬಿಸಿದ ಒಟ್ಟು 403ರಲ್ಲಿ ಉಳಿದದ್ದು 366. ಗುರಿ ತಲುಪಲಿಲ್ಲವೆಂದು ಅಳು ಬಂದಿತ್ತು. ದೋಷಮಿತಿ ಶೇ 5ರ ಬದಲು ಶೇ 5.1 ಆಗುತ್ತದೆ, ಅಷ್ಟೇ ಎಂದು ಅವರು ಲೆಕ್ಕ ಮಾಡಿ ತೋರಿಸಿದ ಮೇಲೆ ಸಮಾಧಾನವಾಯಿತು.

ಹಾಳೆಗಳು ತುಂಬುತ್ತಿದ್ದವು, ಆದರೆ ಒಂದು ಕಡೆ ಎಡವುತ್ತಿದ್ದೆ. ತಂಗುವ ಊರನ್ನು ಯಾರು ಆರಿಸಿದರು ಎಂದರೆ ಮತ್ತೆ ಮತ್ತೆ ಬರುತ್ತಿದ್ದ ಉತ್ತರ: “ಡ್ರೈವರ್ ಹೇಳಿದರು.” ನನ್ನ ಹಾಳೆಯಲ್ಲಿ ಕುಟುಂಬ, ಸ್ನೇಹಿತರು, ಇಂಟರ್‌ನೆಟ್, ಏಜೆಂಟ್ ಎಂಬ ಆಯ್ಕೆಗಳಿದ್ದವು. ಡ್ರೈವರ್ ಇರಲಿಲ್ಲ. ‘ಇತರೆ’ ಎಂಬಲ್ಲಿ ಗೀಚುತ್ತಿದ್ದೆ. ಒಂದು ರಾತ್ರಿ ಊಟಕ್ಕೆ ಕುಳಿತಾಗ ಇದನ್ನು ಹೇಳಿದೆ. ಅಪ್ಪ ರೊಟ್ಟಿ ಮುರಿಯುತ್ತ ನಕ್ಕರು. “ಇಪ್ಪತ್ತು ವರ್ಷದಿಂದ ನಾನು ಡ್ರೈವರ್‌ಗಳಿಗೆ ಊಟದ ದುಡ್ಡು ಯಾಕೆ ತೆಗೆದುಕೊಳ್ಳುವುದಿಲ್ಲ ಎಂದುಕೊಂಡಿದ್ದೆ? ಅವನ ಹೊಟ್ಟೆ ತುಂಬಿಸಿದರೆ ಗಾಡಿ ತುಂಬ ಗಿರಾಕಿ.” ಕೇಳಬೇಕಾದ ಜನ ದಿನವೂ ನಮ್ಮ ಬೆಂಚಿನ ಮೇಲೆ ಕುಳಿತು ಉಣ್ಣುತ್ತಿದ್ದರು, ನಾನು ಬೆಟ್ಟದ ಬುಡದಲ್ಲಿ ಕೋತಿ ಕಾಯುತ್ತಿದ್ದೆ.

ಮುಂದಿನ ಎರಡು ವಾರ ಸಂಜೆ ಖಾನಾವಳಿಯಲ್ಲೇ ಕುಳಿತು ಇಪ್ಪತ್ತಾರು ಚಾಲಕರನ್ನು ಮಾತನಾಡಿಸಿದೆ. ಪ್ರಶ್ನಾವಳಿ ಇಲ್ಲ, ಮಾತು ಮಾತ್ರ, ಬರೆದುಕೊಳ್ಳಲು ಅವರ ಒಪ್ಪಿಗೆ ಕೇಳಿ. ಹುಬ್ಬಳ್ಳಿಯಿಂದ ಬಂದ ಒಬ್ಬರು ಹೇಳಿದ್ದು ಹೀಗೆ: “ಮೇಡಂ, ಹೋಂಸ್ಟೇಯಲ್ಲಿ ಯಜಮಾನರಿಗೆ ಮಂಚ, ಹೂವಿನ ಚಾದರ. ನನಗೆ ಗಾಡಿಯ ಸೀಟು. ಬೆಳಿಗ್ಗೆ ಸ್ನಾನಕ್ಕೆ ಹೊಳೆ. ಹೊಸಪೇಟೆಯ ಲಾಡ್ಜಿನಲ್ಲಿ ಚಾಲಕರಿಗೆಂದೇ ಕೋಣೆ ಇದೆ. ನಾನು ಎಲ್ಲಿಗೆ ಕರೆದುಕೊಂಡು ಹೋಗಲಿ?” ಎಲ್ಲರೂ ಇಷ್ಟು ಚೆನ್ನಾಗಿ ಹೇಳಲಿಲ್ಲ, ಆದರೆ ಸುತ್ತಿ ಬಳಸಿ ಹೆಚ್ಚಿನವರ ಮಾತು ಇಲ್ಲಿಗೇ ಬರುತ್ತಿತ್ತು. ರಾತ್ರಿ ಊಟ ಸಿಗುವುದಿಲ್ಲ, ದಾರಿಯಲ್ಲಿ ದೀಪವಿಲ್ಲ ಎಂಬುವೂ ಇದ್ದವು.

ವಿಶ್ಲೇಷಣೆಯ ಬಗ್ಗೆ ಒಂದೇ ಎಚ್ಚರಿಕೆ. ಉತ್ತರ ಕೊಡದವರಿಗೆ 99 ಎಂದು ಸಂಕೇತ ಹಾಕಿದ್ದೆ, ಎಲ್ಲರೂ ಹಾಗೇ ಹಾಕುತ್ತಾರೆ. ಅದನ್ನು ಬಿಟ್ಟು ಲೆಕ್ಕ ಮಾಡು ಎಂದು ಕಂಪ್ಯೂಟರಿಗೆ ಹೇಳಲು ಮರೆತೆ. ಅವೆಲ್ಲ 99 ರಾತ್ರಿ ಎಂದೇ ಲೆಕ್ಕಕ್ಕೆ ಸೇರಿ, ಪ್ರವಾಸಿಗರು ಆನೆಗೊಂದಿಯಲ್ಲಿ ತಂಗುವ ಸರಾಸರಿ ರಾತ್ರಿ ಹತ್ತಕ್ಕೂ ಹೆಚ್ಚು ಎಂದು ಬಂತು. ಹೋಂಸ್ಟೇ ಅಮ್ಮನಿಗೆ ಹೇಳಿದ್ದರೆ ಅಟ್ಟಿಸಿಕೊಂಡು ಬರುತ್ತಿದ್ದರು. ಸರಿಪಡಿಸಿದ ಮೇಲೆ ಸರಾಸರಿ ಒಂದು ರಾತ್ರಿಯ ಅರ್ಧದಷ್ಟೂ ಇರಲಿಲ್ಲ.

ಕೊನೆಯ ಅಡ್ಡಿ ನಾನು ಕನಸಿನಲ್ಲೂ ಎಣಿಸದ್ದು. ಪ್ರಬಂಧವನ್ನು ಪರಿಚಯದ ಡಿಟಿಪಿ ಅಂಗಡಿಯಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿಸಿದ್ದೆ. ಕೃತಿಚೌರ್ಯ ತಪಾಸಣೆಗೆ ಕೊಟ್ಟಾಗ ಹೋಲಿಕೆ ಶೂನ್ಯ ಎಂದು ಬಂತು. ನಾನು ಹಿಗ್ಗಿದೆ. ಯುಜಿಸಿಯ 2018ರ ನಿಯಮದಂತೆ ಶೇ 10ರವರೆಗೆ ದಂಡವಿಲ್ಲ, ನನ್ನದು ಶೂನ್ಯ! ಗ್ರಂಥಾಲಯದವರು ಅನುಮಾನದಿಂದ ತೆರೆದು ನೋಡಿದರೆ, ಯಂತ್ರಕ್ಕೆ ಕಂಡದ್ದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಮಾತ್ರ. ಎಲ್ಲ ಕಂಪ್ಯೂಟರಿಗೂ ಕನ್ನಡವೆಂದೇ ತಿಳಿಯುವ ಯೂನಿಕೋಡ್‌ಗೆ ಬದಲಿಸಿ ತನ್ನಿ ಎಂದರು. ಬದಲಿಸಿದಾಗ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಕಾಲು ಮುರಿದುಕೊಂಡು ಬಿದ್ದವು. ತೊಂಬತ್ತಾರು ಪುಟ, ಆರು ರಾತ್ರಿ, ಕಣ್ಣುರಿ. ಮೊದಲ ದಿನದಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಈ ಇಡೀ ಬರಹದಲ್ಲಿ ಬೇರೇನನ್ನು ಮರೆತರೂ ಇದನ್ನು ಮರೆಯಬೇಡಿ. ಕೊನೆಗೆ ಬಂದದ್ದು ಶೇ 6.

ಒಟ್ಟು ಖರ್ಚು ಏಳು ಸಾವಿರದ ಎಂಟುನೂರರ ಆಸುಪಾಸು. ಅದರಲ್ಲಿ ಚಿಕ್ಕಪ್ಪನ ಮಗಳಿಗೆ ಒಂಬತ್ತು ದಿನಕ್ಕೆ ದಿನವೊಂದಕ್ಕೆ ಮುನ್ನೂರರಂತೆ ಕೊಟ್ಟದ್ದೇ ದೊಡ್ಡದು, ಅದನ್ನು ನಾನು ಕಡಿಮೆ ಮಾಡುತ್ತಿರಲಿಲ್ಲ. ಒಬ್ಬಳೇ ಹುಡುಗಿ ಬೆಟ್ಟದ ಬುಡದಲ್ಲಿ ದಿನವಿಡೀ ನಿಲ್ಲುವುದು ಬೇರೆ, ಇಬ್ಬರು ನಿಲ್ಲುವುದು ಬೇರೆ. ಆಟೊ, ಮಧ್ಯಾಹ್ನದ ಮಿರ್ಚಿ ಮಂಡಕ್ಕಿ ಎಂದು ಎರಡು ಸಾವಿರ. ಬಂಗಾರದ ಅಕ್ಷರದ ರಟ್ಟಿನ ನಾಲ್ಕು ಪ್ರತಿಗಳಿಗೆ ಸಾವಿರ, ಅದು ಮಾತ್ರ ಈಗಲೂ ಹೊಟ್ಟೆ ಉರಿಸುತ್ತದೆ.

ಮೌಖಿಕ ಪರೀಕ್ಷೆ ಹದಿನೈದೇ ನಿಮಿಷ. ಹೊರಗಿನಿಂದ ಬಂದ ಪರೀಕ್ಷಕರು ಕೋಷ್ಟಕಗಳನ್ನು ನೋಡಲೇ ಇಲ್ಲ, ಚಾಲಕರ ಅಧ್ಯಾಯ ತೆರೆದು ಕುಳಿತರು. ಇಪ್ಪತ್ತಾರು ಜನರ ಮಾತಿನಿಂದ ಎಲ್ಲ ಚಾಲಕರೂ ಹೀಗೇ ಎನ್ನಲಾಗುವುದೇ ಎಂದು ಕೇಳಿದರು. “ಇಲ್ಲ ಸರ್, ಅದೂ ಅವರು ನಮ್ಮ ಖಾನಾವಳಿಗೆ ಬರುವವರು ಮಾತ್ರ” ಎಂದೆ. ಅದನ್ನು ಪ್ರಬಂಧದಲ್ಲೇ ಬರೆದಿದ್ದೆ. ತಲೆಯಾಡಿಸಿದರು.

ಮೊನ್ನೆ ಎರಡು ಪುಟದ ಸಾರಾಂಶ ಹಿಡಿದು ಆನೆಗೊಂದಿಗೆ ಹೋಗಿದ್ದೆ. ಅಮ್ಮ ಕನ್ನಡಕ ಹಾಕಿಕೊಂಡು ಓದಿದರು. ನನಗೆ ಮೂರು ವಾರ ಹಿಡಿದಿದ್ದ ಮೊದಲ ಕೋಷ್ಟಕಕ್ಕೆ “ಇದು ನನಗೆ ಗೊತ್ತಿತ್ತು” ಎಂದರು. ಎರಡನೆಯದಕ್ಕೂ ಅದೇ. ಚಾಲಕರ ಭಾಗಕ್ಕೆ ಬಂದಾಗ ಸುಮ್ಮನಾದರು. ಎದ್ದು ಹೋಗಿ ಹಿತ್ತಿಲ ಕಡೆಯ, ಹಗ್ಗ, ಹಳೆಯ ಮಡಕೆ ತುಂಬಿದ ಪಡಸಾಲೆಯನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತರು.

“ಎರಡು ಮಂಚ ಹಿಡಿಯುತ್ತವೆ ಇಲ್ಲಿ” ಎಂದರು. “ಸೊಳ್ಳೆ ಪರದೆ ಬೇಕು. ಬಚ್ಚಲಿಗೆ ಒಳಗಿನಿಂದ ಅಗುಳಿ ಹಾಕಿಸಬೇಕು. ತಂಗಿ, ಗಂಗಾವತಿಯಲ್ಲಿ ನಿಮ್ಮ ಅಪ್ಪನಿಗೆ ಗೊತ್ತಿರುವ ಗಾದಿ ಅಂಗಡಿ ಯಾವುದಾದರೂ ಇದೆಯೇ?”

ಹೋಳಿಗೆ ಊಟ ಇನ್ನೂ ಬಾಕಿ ಇದೆ.